ಹಾಲ್ ಮೊದಲು, ಡಬ್ಬ ಆಮೇಲೆ: ಮನೆಗೆ ಸರೌಂಡ್ ಸೌಂಡ್ ಆರಿಸುವಾಗ

ಟಿವಿ 55 ಇಂಚಿಗೆ ಬೆಳೆದಿದೆ, ದಪ್ಪ ಮಾತ್ರ ಬೆರಳಿನಷ್ಟಕ್ಕೆ ಇಳಿದಿದೆ. ಅಷ್ಟು ತೆಳ್ಳಗಿನ ಪೆಟ್ಟಿಗೆಯೊಳಗೆ ಒಳ್ಳೆಯ ಸ್ಪೀಕರ್ ಕೂರಿಸಲು ಜಾಗವೇ ಇಲ್ಲ. ಇರುವ ಪುಟ್ಟ ಸ್ಪೀಕರುಗಳೂ ನೆಲಕ್ಕೋ ಗೋಡೆಗೋ ಮುಖ ಮಾಡಿಕೊಂಡಿರುತ್ತವೆ. ಹಾಗಾಗಿ ಮಾತು ಕೇಳಿಸುತ್ತಿಲ್ಲವೆಂದು ವಾಲ್ಯೂಮ್ ಏರಿಸುತ್ತೇವೆ, ಫೈಟ್ ಬಂದ ಕೂಡಲೇ ಪಕ್ಕದ ಮನೆಯವರಿಗೆ ಅಂಜಿ ಇಳಿಸುತ್ತೇವೆ. ಸಿನಿಮಾ ಮುಗಿಯುವವರೆಗೂ ರಿಮೋಟ್ ಕೈಬಿಡುವಂತಿಲ್ಲ. ‘ಒಂದು ಸೌಂಡ್ ಸಿಸ್ಟಂ ತಂದುಬಿಡೋಣ’ ಎಂಬ ಮಾತು ಬಹಳಷ್ಟು ಮನೆಗಳಲ್ಲಿ ಹುಟ್ಟುವುದೇ ಇಲ್ಲಿಂದ.

ಅಂಗಡಿಗೆ ಹೋದರೆ ಲೆಕ್ಕವೇ ಬೇರೆ. 5.1, 7.1, 5.1.2, ಅಟ್ಮಾಸ್, ಸಾವಿರ ವಾಟ್ ಎಂದು ಅಂಕಿಗಳ ಸುರಿಮಳೆ. ಹೆಚ್ಚು ಅಂಕಿ ಇರುವ ಡಬ್ಬವೇ ಹೆಚ್ಚು ಒಳ್ಳೆಯದು ಎಂಬಂತೆ ಮಾತು ಸಾಗುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಚಾನಲ್ (ಒಂದೊಂದು ಸ್ಪೀಕರಿಗೆ ಬೇರೆಯಾಗಿ ಹೋಗುವ ಸದ್ದು) ಎಷ್ಟು ಎಂಬುದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮೊದಲು ನಿಮ್ಮ ಹಾಲ್ ಯಾವ ಆಕಾರದಲ್ಲಿದೆ, ಮನೆಯಲ್ಲಿ ಹೆಚ್ಚು ಓಡುವುದು ಸಿನಿಮಾವೋ ಹಾಡೋ ಎಂಬ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧಕ್ಕರ್ಧ ಮಾಡೆಲುಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಅಂಕಿಗಳ ಅರ್ಥ ಇಷ್ಟೇ. 5.1 ಅಂದರೆ ಮುಂದೆ ಎಡ, ಬಲ, ನಡುವೆ ಒಂದು ಸೆಂಟರ್, ಕೂತವರ ಅಕ್ಕಪಕ್ಕ ತುಸು ಹಿಂದಕ್ಕೆ ಎರಡು ಸರೌಂಡ್. ಚುಕ್ಕಿಯ ನಂತರದ ಒಂದು ಎಂದರೆ ಸಬ್‌ವೂಫರ್, ನಮ್ಮ ಬಾಯಲ್ಲಿ ವೂಫರ್. 7.1 ಆದರೆ ಬೆನ್ನ ಹಿಂದೆ ಇನ್ನೆರಡು. ಕೊನೆಗೆ ಮೂರನೆಯ ಅಂಕಿ ಇದ್ದರೆ, 5.1.2ರಲ್ಲಿ ಇರುವಂತೆ, ಅದು ತಲೆಯ ಮೇಲಿಂದ ಬರುವ ಸದ್ದಿನದು. ಇದೇ ಡಾಲ್ಬಿ ಅಟ್ಮಾಸ್. 2012ರಲ್ಲಿ ಚಿತ್ರಮಂದಿರಕ್ಕೆ, 2014ರಲ್ಲಿ ಮನೆಯ ರಿಸೀವರುಗಳಿಗೆ (ಸದ್ದನ್ನು ಬಿಡಿಸಿ, ಬಲ ತುಂಬಿ ಎಲ್ಲ ಸ್ಪೀಕರಿಗೂ ಹಂಚುವ ಪೆಟ್ಟಿಗೆ) ಬಂತು. ಡಿಟಿಎಸ್ ಎಕ್ಸ್ ಎಂಬುದು ಅದರ ಎದುರಾಳಿ.

ಹಾಲ್ ಏನು ಹೇಳುತ್ತದೆ

ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನ ಹಾಲನ್ನೇ ತೆಗೆದುಕೊಳ್ಳೋಣ. ಅಗಲ 10 ಅಡಿ, ಉದ್ದ 14 ಅಡಿ. ಒಂದು ತುದಿಯ ಗೋಡೆಯಲ್ಲಿ ಟಿವಿ, ಎದುರು ತುದಿಯಲ್ಲಿ ಗೋಡೆಗೆ ಆನಿಸಿದ ಸೋಫಾ. ಎಡಗಡೆ ಬಾಲ್ಕನಿಗೆ ಹೋಗುವ ಗಾಜಿನ ಸ್ಲೈಡಿಂಗ್ ಬಾಗಿಲು. ಬಲಗಡೆ ಗೋಡೆಯೇ ಇಲ್ಲ, ಊಟದ ಮೇಜಿನತ್ತ ತೆರೆದುಕೊಂಡಿದೆ. ಕೆಳಗೆ ವಿಟ್ರಿಫೈಡ್ ಟೈಲ್ಸ್, ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಪಿಒಪಿ ಸೀಲಿಂಗ್, ಅದರ ಸಂದಿಯಲ್ಲಿ ಎಲ್‌ಇಡಿ ಪಟ್ಟಿ.

ಈ ಹಾಲಿಗೆ 7.1 ಕೂಡುವುದೇ ಇಲ್ಲ. ಹಿಂದಿನ ಎರಡು ಸ್ಪೀಕರಿಗೆ ಸೋಫಾದ ಹಿಂದೆ ಕನಿಷ್ಠ ಮೂರು ನಾಲ್ಕು ಅಡಿ ಬೇಕು. ಇಲ್ಲಿ ಮೂರು ಇಂಚೂ ಇಲ್ಲ. ಗೋಡೆಗಳಿಗೆ ಸದ್ದು ಬಡಿಸಿ ಸರೌಂಡ್ ಭ್ರಮೆ ಹುಟ್ಟಿಸುವ ಸೌಂಡ್‌ಬಾರ್ ಕೂಡ ಇಲ್ಲಿ ಕುಂಟುತ್ತದೆ. ಎಡಗಡೆಯ ಗಾಜಿಗೆ ಬಡಿದ ಸದ್ದು ಚುರುಕಾಗಿ ತಿರುಗಿ ಬರುತ್ತದೆ, ಬಲಗಡೆ ಹೋದದ್ದು ಊಟದ ಮೇಜು ದಾಟಿ ಅಡುಗೆಮನೆ ಸೇರುತ್ತದೆ. ಚಾವಣಿಗೆ ಸದ್ದು ಚಿಮ್ಮಿಸುವ ಅಟ್ಮಾಸ್ ಸ್ಪೀಕರಿಗೆ ಸಪಾಟಾದ, ಗಟ್ಟಿಯಾದ ಸೀಲಿಂಗ್ ಬೇಕು. ಏಳೂವರೆಯಿಂದ ಹನ್ನೆರಡು ಅಡಿ ಎತ್ತರವಿದ್ದರೆ ಸರಿ. ಮೆಟ್ಟಿಲು ಬಿದ್ದ ಪಿಒಪಿಯಲ್ಲಿ ಪ್ರತಿಫಲನ ಎತ್ತಲೋ ಚದುರುತ್ತದೆ. ತೀರ್ಥಹಳ್ಳಿ, ಶಿರಸಿ ಕಡೆಯ ಇಳಿಜಾರು ಹೆಂಚಿನ ಮಾಡಿನ ಮನೆಯಲ್ಲಂತೂ ಚಿಮ್ಮಿಸುವ ಅಟ್ಮಾಸಿಗೆ ಕೊಡುವ ದುಡ್ಡು ಹೆಂಚಿಗೇ ಅರ್ಪಣೆ. ಅಂಥ ಮನೆಯಲ್ಲಿ ಮೇಲಿನ ಸದ್ದು ಬೇಕೇಬೇಕೆಂದರೆ ಜಂತಿಗೆ ಚಿಕ್ಕ ಸ್ಪೀಕರ್ ತೂಗುಹಾಕಬೇಕು.

ಹಾಗಾದರೆ ಈ ಫ್ಲ್ಯಾಟಿನವರು ಏನು ಮಾಡಬೇಕು? ಸರೌಂಡ್ ಬೇಕೆಂದರೆ ನಿಜವಾದ ಎರಡು ಸ್ಪೀಕರುಗಳನ್ನೇ ಇಡಬೇಕು. ಕಣ್ಣೆದುರಿನ ನೇರ ದಿಕ್ಕಿನಿಂದ ಎರಡೂ ಬದಿಗೆ 100ರಿಂದ 120 ಡಿಗ್ರಿಯಲ್ಲಿ, ಎಂದರೆ ಕಿವಿಯ ಪಕ್ಕ ತುಸು ಹಿಂದಕ್ಕೆ ಇಡಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಸೋಫಾ ಗೋಡೆಗಂಟಿದ್ದಾಗ ಅಷ್ಟು ಹಿಂದಕ್ಕೆ ಹೋಗಲು ಸಾಧ್ಯವಿಲ್ಲ. ಸೋಫಾದ ಎರಡು ತುದಿಯಲ್ಲಿ, ಕಿವಿಗಿಂತ ಒಂದೆರಡು ಅಡಿ ಮೇಲೆ ಬ್ರಾಕೆಟ್ಟಿಗೆ ಹಾಕಿ ಒಳಮುಖ ತಿರುಗಿಸಿದರೆ ನಡೆಯುತ್ತದೆ. ಸಾಧ್ಯವಾದರೆ ಸೋಫಾವನ್ನು ಗೋಡೆಯಿಂದ ಒಂದು ಅಡಿ ಮುಂದೆ ಎಳೆಯಿರಿ. ಆ ಒಂದು ಅಡಿಯಿಂದ ಸಿಗುವ ಲಾಭ ಎಷ್ಟೋ ಸಾವಿರ ರೂಪಾಯಿಯ ಅಪ್‌ಗ್ರೇಡಿನಲ್ಲೂ ಸಿಗುವುದಿಲ್ಲ.

ಟೈಲ್ಸ್ ಮತ್ತು ಬರಿಗೋಡೆಯ ಹಾಲಿನಲ್ಲಿ ಚಪ್ಪಾಳೆ ತಟ್ಟಿ ನೋಡಿ. ‘ಟ್ರಿಂಗ್’ ಎಂದು ಬಾಲ ಬಂದರೆ ಯಾವ ಸಿಸ್ಟಂ ತಂದರೂ ಮಾತು ಮಸುಕಾಗಿಯೇ ಕೇಳುತ್ತದೆ. ಟಿವಿಗೂ ಸೋಫಾಕ್ಕೂ ನಡುವೆ ದಪ್ಪ ಜಮಖಾನೆ, ಗಾಜಿನ ಬಾಗಿಲಿಗೆ ದಪ್ಪ ಕರ್ಟನ್, ಒಂದು ಗೋಡೆಗೆ ಪುಸ್ತಕದ ಶೆಲ್ಫ್, ಇಷ್ಟಾದರೆ ಸಾಕು. ಅಂಗಡಿಯವರು ಇದನ್ನು ಹೇಳುವುದಿಲ್ಲ. ಅವರು ಜಮಖಾನೆ ಮಾರುವುದಿಲ್ಲವಲ್ಲ.

ಐದು ದಾರಿಗಳು

ಬರೀ ಸೌಂಡ್‌ಬಾರ್. ಟಿವಿಯ ಕೆಳಗೊಂದು ಕೋಲು, ಜೊತೆಗೆ ವೂಫರ್ ಇದ್ದರೂ ಇರಬಹುದು. ಮಾತು ಸ್ಪಷ್ಟವಾದರೆ ಸಾಕು, ವೈರ್ ಎಳೆಯುವ ರಗಳೆ ಬೇಡ ಎನ್ನುವವರಿಗೆ, ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿಲ್ಲದವರಿಗೆ ಇದೇ ಸರಿ. ಕೊಳ್ಳುವಾಗ ಒಂದೇ ಷರತ್ತು: ನಡುವೆ ಪ್ರತ್ಯೇಕ ಸೆಂಟರ್ ಚಾನಲ್ ಇರಬೇಕು. 3.1 ಎಂದು ಬರೆದಿರುವುದು 2.1ಕ್ಕಿಂತ ಮಾತಿಗೆ ಎಷ್ಟೋ ಮೇಲು. ಸಿನಿಮಾದ ಸಂಭಾಷಣೆಯ ಬಹುಪಾಲು ಬರುವುದು ಸೆಂಟರಿನಿಂದಲೇ. ಅದರ ವಾಲ್ಯೂಮನ್ನು ಬೇರೆಯಾಗಿ ಎರಡು ಮೂರು ಡೆಸಿಬಲ್ ಏರಿಸುವಂತಿದ್ದರೆ ರಿಮೋಟಿನ ಜಗ್ಗಾಟ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯದು ಸೌಂಡ್‌ಬಾರಿನ ಜೊತೆ ಹಿಂದಿನ ಸ್ಪೀಕರುಗಳೂ ಬರುವ ಸೆಟ್. ಇದರಲ್ಲಿ ಎರಡು ಜಾತಿ. ವೈರಿನದು ಅಗ್ಗ. ಸೋನಿಯ ಎಚ್‌ಟಿ-ಎಸ್20ಆರ್ ಅಂಥದ್ದು: ಬಾರ್, ಎರಡು ಹಿಂದಿನ ಸ್ಪೀಕರ್ ಎಲ್ಲದರ ವೈರೂ ವೂಫರಿನ ಪೆಟ್ಟಿಗೆಗೆ ಬಂದು ಸೇರುತ್ತದೆ, ಏಕೆಂದರೆ ಆಂಪ್ಲಿಫೈಯರ್ ಇರುವುದು ಅದರೊಳಗೆ. ವೂಫರ್ ಎಲ್ಲಿಡುತ್ತೀರಿ ಎಂದು ಮೊದಲೇ ನಿರ್ಧರಿಸದಿದ್ದರೆ ವೈರ್ ಹಾಲಿನ ನಡುವೆ ಹಾಯುತ್ತದೆ. ಇನ್ನೊಂದು ವೈರ್‌ಲೆಸ್. ಇಲ್ಲೊಂದು ಮಾತು ನೆನಪಿರಲಿ: ವೈರ್‌ಲೆಸ್ ಎಂದರೆ ಸದ್ದಿಗೆ ವೈರಿಲ್ಲ, ಕರೆಂಟಿಗೆ ಇದೆ. ಸೋಫಾದ ಎರಡೂ ಬದಿಯಲ್ಲಿ ಪ್ಲಗ್ ಪಾಯಿಂಟ್ ಇದೆಯೇ ನೋಡಿಕೊಳ್ಳಿ. ಜೆಬಿಎಲ್ ಬಾರ್ 1000ದಂಥ ಕೆಲವು ಮಾಡೆಲುಗಳಲ್ಲಿ ಬಾರಿನ ಎರಡು ತುದಿಗಳನ್ನೇ ಕಿತ್ತು ಹಿಂದೆ ಇಡಬಹುದು, ಅವು ಬ್ಯಾಟರಿಯಲ್ಲಿ ನಡೆಯುತ್ತವೆ. ಸಿನಿಮಾ ಮುಗಿದ ಮೇಲೆ ಮತ್ತೆ ತಂದು ಸಿಕ್ಕಿಸಿದರೆ ಚಾರ್ಜ್ ಆಗುತ್ತವೆ. ಮಕ್ಕಳು, ನಾಯಿ ಇರುವ ಮನೆಗೆ ಇದೊಂದು ಜಾಣ ಉಪಾಯ. ಸ್ಯಾಮ್‌ಸಂಗಿನ ಕ್ಯೂ990 ಸಾಲಿನ 11.1.4 ಸೆಟ್ಟುಗಳು ಈ ಗುಂಪಿನ ಮೇಲ್ತುದಿ. ಸಪಾಟು ಸೀಲಿಂಗಿನ, ನಾಲ್ಕೂ ಗೋಡೆ ಇರುವ ಕೋಣೆಯಲ್ಲಿ ಅವು ಬೆರಗು ಹುಟ್ಟಿಸುತ್ತವೆ. ಆದರೆ ಆ ದುಡ್ಡಿಗೆ ರಿಸೀವರಿನ ದಾರಿಯೂ ತೆರೆದುಕೊಳ್ಳುತ್ತದೆ ಎಂಬುದನ್ನು ಮರೆಯಬೇಡಿ.

ಮೂರನೆಯದು ಕಂಪ್ಯೂಟರ್ ಅಂಗಡಿಗಳ 5.1 ಸೆಟ್. ಅಂಗೈಯಗಲದ ಐದು ಸ್ಪೀಕರ್, ಒಂದು ದೊಡ್ಡ ವೂಫರ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ರಾಶಿ ರಾಶಿ ಸಿಗುತ್ತವೆ. ನನಗೆ ಇವುಗಳ ಮೇಲೆ ಅಷ್ಟು ಒಲವಿಲ್ಲ. ಕಾರಣ ಇದು: ಅಷ್ಟು ಸಣ್ಣ ಸ್ಪೀಕರ್ ಸಾಮಾನ್ಯವಾಗಿ 150ರಿಂದ 200 ಹರ್ಟ್ಸ್‌ಗಿಂತ (ಸೆಕೆಂಡಿಗೆ ಅಷ್ಟು ಕಂಪನ) ಕೆಳಗಿನ ಸದ್ದನ್ನು ಸರಿಯಾಗಿ ಕೊಡಲಾರದು. ಗಂಡಸಿನ ದನಿಯ ಮೂಲ ಕಂಪನ ಇರುವುದೇ ಸುಮಾರು 85ರಿಂದ 180 ಹರ್ಟ್ಸ್ ಒಳಗೆ. ಹೀಗಾಗಿ ನಾಯಕನ ತುಟಿ ಟಿವಿಯಲ್ಲಿ ಅಲ್ಲಾಡುತ್ತದೆ, ಅವನ ದನಿಯ ಅರ್ಧ ಭಾಗ ಮೂಲೆಯಲ್ಲಿರುವ ವೂಫರಿನಿಂದ ಗೊಗ್ಗರಾಗಿ ಬರುತ್ತದೆ. ಲಾಜಿಟೆಕ್ ಝಡ್906 ಈ ಗುಂಪಿನಲ್ಲಿ ಒಂದು ಅಪವಾದ: ಡಾಲ್ಬಿ ಡಿಜಿಟಲ್, ಡಿಟಿಎಸ್ ಎಂಬ ಸರೌಂಡ್ ಫಾರ್ಮ್ಯಾಟ್ ಎರಡನ್ನೂ ತಾನೇ ಬಿಡಿಸಿಕೊಳ್ಳುತ್ತದೆ, 500 ವಾಟ್ ಆರ್‌ಎಂಎಸ್ (ನಿರಂತರವಾಗಿ ಕೊಡಬಲ್ಲ ಬಲ) ಕೂಡ ನಿಜ. ಆದರೆ ಎಚ್‌ಡಿಎಂಐ ಇಲ್ಲ. ಆಪ್ಟಿಕಲ್ ಕೇಬಲಿನಲ್ಲೇ ಸಂಸಾರ.

ನಾಲ್ಕನೆಯದು ಎವಿ ರಿಸೀವರ್ ಮತ್ತು ಬಿಡಿ ಸ್ಪೀಕರುಗಳು. ಡೆನಾನ್, ಯಮಹಾ, ಮರಾಂಟ್ಜ್, ಆಂಕ್ಯೊ, ಸೋನಿ ರಿಸೀವರುಗಳು. ಪೋಲ್ಕ್, ಕ್ಲಿಪ್ಷ್, ವಾರ್ಫ್‌ಡೇಲ್, ನಮ್ಮ ದೇಶದ್ದೇ ಆದ ಕೋಲ್ಕತ್ತಾದ ಸೊನೊಡೈನ್ ಸ್ಪೀಕರುಗಳು. ಸಿನಿಮಾಕ್ಕೂ ಹಾಡಿಗೂ ಒಂದೇ ವ್ಯವಸ್ಥೆ ಸಾಕು ಎನ್ನುವವರಿಗೆ ನನ್ನ ಮತ ಇದಕ್ಕೇ. ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಕಾಗಿಲ್ಲ ಎಂಬುದೇ ಇದರ ದೊಡ್ಡ ಗುಣ. ಈ ವರ್ಷ ರಿಸೀವರ್ ಮತ್ತು ಮುಂದಿನ ಜೋಡಿ, ಬೋನಸ್ ಬಂದಾಗ ಸೆಂಟರ್, ಮುಂದಿನ ದೀಪಾವಳಿಗೆ ವೂಫರ್. ಒಂದು ಸ್ಪೀಕರ್ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಒಳ್ಳೆಯ ಸ್ಪೀಕರ್ ಇಪ್ಪತ್ತು ವರ್ಷ ಬಾಳುತ್ತದೆ; ಹೊಸ ಫಾರ್ಮ್ಯಾಟ್ ಬಂದರೆ ಬದಲಾಗುವುದು ರಿಸೀವರ್ ಒಂದೇ. ಸೌಂಡ್‌ಬಾರಿನಲ್ಲಿ ಬೋರ್ಡ್ ಹೋದರೆ ಇಡೀ ಸೆಟ್ ಮೂಲೆಗೆ.

ಅಡ್ಡಿಗಳೂ ಇವೆ. ವೈರ್ ಎಳೆಯಬೇಕು. ರಿಸೀವರ್ ಬಿಸಿಯಾಗುತ್ತದೆ, ಮೇಲೆ ಕನಿಷ್ಠ ಆರೇಳು ಇಂಚು ಗಾಳಿ ಆಡಬೇಕು. ಇಂಟೀರಿಯರ್‌ನವರು ಮಾಡಿಕೊಟ್ಟ ಬಾಗಿಲಿರುವ ಟಿವಿ ಯೂನಿಟ್ಟಿನೊಳಗೆ ಅದನ್ನು ಮುಚ್ಚಿಟ್ಟರೆ ಆಯುಷ್ಯ ಕರಗುತ್ತದೆ. ಮೆನು ನೋಡಿ ಅತ್ತೆಯವರು ಗಾಬರಿಯಾಗುತ್ತಾರೆ. ಎಚ್‌ಡಿಎಂಐ ಸಿಇಸಿ ಆನ್ ಮಾಡಿಟ್ಟರೆ ಟಿವಿ ರಿಮೋಟಿನಲ್ಲೇ ರಿಸೀವರಿನ ವಾಲ್ಯೂಮ್ ನಡೆಯುತ್ತದೆ. ಮನೆಮಂದಿಗೆ ಅಷ್ಟು ಗೊತ್ತಿದ್ದರೆ ಸಾಕು.

ಐದನೆಯದು ಸರೌಂಡೇ ಬೇಡ, ಎರಡೇ ಸ್ಪೀಕರ್ ಸಾಕು ಎಂಬ ದಾರಿ. ಇದನ್ನು ಯಾಕೆ ಸೇರಿಸಿದೆ ಎಂದು ಮುಂದೆ ಹೇಳುತ್ತೇನೆ.

ಹಾಡಿನ ಮನೆ

ಸಂಗೀತದ ಬಹುಪಾಲು ಧ್ವನಿಮುದ್ರಣ ಎರಡು ಚಾನಲಿನದು. ಹಳೆಯ ಕನ್ನಡ ಚಿತ್ರಗೀತೆಗಳಲ್ಲಿ ಎಷ್ಟೋ ಮೋನೊ, ಅಂದರೆ ಒಂದೇ ಚಾನಲ್. ಅವನ್ನು ಐದು ಸ್ಪೀಕರಿಗೆ ಹರಡಿದರೆ ಹಾಡುಗಾರ ಕೋಣೆಯ ತುಂಬ ಹಬ್ಬಿದಂತಾಗಿ ಎಲ್ಲಿ ನಿಂತಿದ್ದಾನೆ ಎಂಬುದೇ ತಿಳಿಯುವುದಿಲ್ಲ. 2021ರಿಂದ ಆಪಲ್ ಮ್ಯೂಸಿಕ್ ಅಟ್ಮಾಸ್ ಹಾಡುಗಳನ್ನು ಕೊಡುತ್ತಿದೆ, ಕೆಲವು ಹೊಸ ಸಿನಿಮಾ ಹಾಡುಗಳು ಅದರಲ್ಲಿ ಚೆನ್ನಾಗಿಯೇ ಕೇಳುತ್ತವೆ. ಆದರೆ ಬೆಳಗ್ಗೆ ಸುಪ್ರಭಾತ, ಸಂಜೆ ಭಾವಗೀತೆ, ರಾತ್ರಿ ಒಂದು ಖಯಾಲ್ ಎಂಬಂಥ ಮನೆಗೆ ಬೇಕಾಗಿರುವುದು ಮುಂದಿನ ಜೋಡಿ ಸ್ಪೀಕರಿನ ಗುಣ.

ಆ ಗುಣವನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಡೆಮೊಗೆಂದು ಅವರು ಹಾಕುವುದು ಹೆಲಿಕಾಪ್ಟರ್, ಮಳೆ, ಬಾಂಬ್. ಹೆಲಿಕಾಪ್ಟರ್ ಎಲ್ಲದರಲ್ಲೂ ಚೆನ್ನಾಗಿಯೇ ಕೇಳುತ್ತದೆ. ನಿಮ್ಮ ಫೋನಿನಲ್ಲಿ ತಂಬೂರಿ ಮತ್ತು ತಬಲಾ ಇರುವ, ನೀವು ನೂರು ಸಲ ಕೇಳಿದ ಒಂದು ಧ್ವನಿಮುದ್ರಣ ಇಟ್ಟುಕೊಂಡು ಹೋಗಿ. ತಬಲಾ ಜೋಡಿಯ ದೊಡ್ಡದಾದ ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ನಾದ ಕೆಳಗಿಂದ ಮೇಲಕ್ಕೆ ಏರುತ್ತದಲ್ಲ, ಆ ಏರಿಕೆ ಒಂದೇ ಎಳೆಯಾಗಿ ಕೇಳಬೇಕು. ವೂಫರಿನಿಂದ ಸ್ಪೀಕರಿಗೆ ಹಾಯುವಾಗ ನಡುವೆ ತುಂಡಾದರೆ, ಅಥವಾ ಎಲ್ಲ ಪೆಟ್ಟೂ ಒಂದೇ ‘ಧಡ್’ ಎಂದು ಕೇಳಿದರೆ, ಆ ಸೆಟ್ ಹಾಡಿಗೆ ಆಗಿಬರುವುದಿಲ್ಲ. ತಂಬೂರಿಯ ಜವಾರಿ ಝೇಂಕಾರ ಹಿಂದೆ ನಿರಂತರವಾಗಿ ಇರಬೇಕು, ಗಾಯಕಿ ದನಿ ಎತ್ತಿದಾಗ ಅಳಿಸಿಹೋಗಬಾರದು. ಮೃದಂಗ, ಘಟದ ಧ್ವನಿಮುದ್ರಣವಾದರೂ ಸರಿ. ಎರಡು ವಾದ್ಯಗಳ ಬೆರಳು ಬೇರೆಬೇರೆ ಎಂದು ಗೊತ್ತಾಗಬೇಕು. ಕೊನೆಗೆ ಕನ್ನಡ ವಾರ್ತೆ ಎರಡು ನಿಮಿಷ ಹಾಕಿಸಿ. ಓದುವವರ ದನಿ ಎದೆಯಿಂದ ಬಂದಂತಿದ್ದರೆ ಸರಿ, ಡ್ರಮ್ಮಿನೊಳಗಿಂದ ಬಂದಂತಿದ್ದರೆ ಬೇಡ.

ನಿಮ್ಮ ಮನೆಯಲ್ಲಿ ಮುಕ್ಕಾಲು ಪಾಲು ಹಾಡೇ ಓಡುವುದಾದರೆ ಐದನೆಯ ದಾರಿ ಇರುವುದು ಇದಕ್ಕೇ. ಒಂದು ಸ್ಟೀರಿಯೊ ಆಂಪ್ಲಿಫೈಯರ್, ಒಂದು ಜೋಡಿ ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್. ಟಿವಿಯನ್ನೂ ಅದಕ್ಕೇ ಜೋಡಿಸಿ. ಎರಡು ಸ್ಪೀಕರುಗಳ ನಡುವಿನ ಅಂತರವೂ ನಿಮಗೂ ಅವಕ್ಕೂ ಇರುವ ಅಂತರವೂ ಸಮವಾಗಿರುವ ತ್ರಿಕೋನದಲ್ಲಿ ಕೂತರೆ ಸೆಂಟರ್ ಸ್ಪೀಕರ್ ಇಲ್ಲದೆಯೂ ಮಾತು ಟಿವಿಯ ನಡುವಿನಿಂದಲೇ ಬರುತ್ತದೆ. ಸೋಫಾದ ತುದಿಯಲ್ಲಿ ಕೂತವರಿಗೆ ಅದು ಹತ್ತಿರದ ಸ್ಪೀಕರಿನತ್ತ ಜರುಗುತ್ತದೆ, ಅಷ್ಟೇ ತೊಂದರೆ. ಒಬ್ಬರೋ ಇಬ್ಬರೋ ನೋಡುವ ಮನೆಗೆ ಅದು ತೊಂದರೆಯೇ ಅಲ್ಲ. ರಿಸೀವರ್ ಕೊಂಡವರೂ ಹಾಡು ಕೇಳುವಾಗ ‘ಸ್ಟೀರಿಯೊ’ ಅಥವಾ ‘ಡೈರೆಕ್ಟ್’ ಮೋಡ್‌ಗೆ ಹಾಕಿಕೊಳ್ಳಿ.

ವಾಟಿನ ಮೋಡಿ

ಡಬ್ಬದ ಮೇಲಿನ ಸಾವಿರ ವಾಟ್ ನೋಡಿ ಮರುಳಾಗಬೇಡಿ. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಬಲವೆಂದು ಹೇಳಿಕೊಳ್ಳುವ ಅಂಕಿ) ಎಂದಿದ್ದರೆ ಆ ಅಂಕಿಗೆ ಯಾವ ಅರ್ಥವೂ ಇಲ್ಲ. ಆರ್‌ಎಂಎಸ್ ನೋಡಬೇಕು, ಅದರಲ್ಲೂ ಷರತ್ತು ಓದಬೇಕು. ಸೌಂಡ್‌ಬಾರ್ ಮತ್ತು ಡಬ್ಬದ ಸೆಟ್ಟುಗಳ ವಾಟನ್ನು ಹಲವು ಸಲ 10 ಶೇಕಡಾ ವಿಕಾರದಲ್ಲಿ (ಡಿಸ್ಟಾರ್ಷನ್, ಸದ್ದು ಕೆಡುವ ಪ್ರಮಾಣ), ಒಂದೇ ಕಂಪನಾಂಕದಲ್ಲಿ ಅಳೆದು, ಎಲ್ಲ ಚಾನಲನ್ನೂ ಕೂಡಿಸಿ ಬರೆದಿರುತ್ತಾರೆ. ರಿಸೀವರಿನ ಮೇಲೆ ಚಾನಲಿಗೆ 70 ಅಥವಾ 80 ವಾಟ್ ಎಂದು ಬರೆದದ್ದು 20ರಿಂದ 20,000 ಹರ್ಟ್ಸ್‌ವರೆಗೆ, 0.1 ಶೇಕಡಾಕ್ಕೂ ಕಡಿಮೆ ವಿಕಾರದಲ್ಲಿ ಅಳೆದದ್ದಾಗಿರಬಹುದು. ಅಲ್ಲಿಯೂ ಎರಡು ಚಾನಲ್ ಮಾತ್ರ ನಡೆಯುವಾಗ ಎಂಬ ಸಣ್ಣಕ್ಷರ ಇರುತ್ತದೆ. ಹೀಗೆ ಬೇರೆಬೇರೆ ಅಳತೆಗೋಲಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು 400 ದೊಡ್ಡದೋ 70 ದೊಡ್ಡದೋ ಎಂದು ಕೇಳುವುದರಲ್ಲಿ ಹುರುಳಿಲ್ಲ.

ಬೇಕಾಗುವುದು ಎಷ್ಟು? 87 ಡೆಸಿಬಲ್ ಸಂವೇದನೆಯ ಸಾಧಾರಣ ಸ್ಪೀಕರಿಗೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 87 ಡೆಸಿಬಲ್. ವಾಟ್ ಇಮ್ಮಡಿಯಾದರೆ 3 ಡೆಸಿಬಲ್ ಏರುತ್ತದೆ, ಅಂದರೆ ಕಿವಿಗೆ ತುಸುವೇ ಜಾಸ್ತಿ. ಸದ್ದು ಎರಡು ಪಟ್ಟಾದಂತೆ ಅನಿಸಲು ಹತ್ತು ಪಟ್ಟು ವಾಟ್ ಬೇಕು. ಮೂರು ಮೀಟರ್ ದೂರದ ಸೋಫಾದಲ್ಲಿ ಕೂತವರಿಗೆ ಇಪ್ಪತ್ತು ವಾಟಿನೊಳಗೇ 90 ಡೆಸಿಬಲ್ ಹತ್ತಿರ ಸಿಗುತ್ತದೆ. ಅದು ಜೋರೇ. ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್. 50 ವಾಟಿನದಕ್ಕೂ 100 ವಾಟಿನದಕ್ಕೂ ಇರುವ 3 ಡೆಸಿಬಲ್ ವ್ಯತ್ಯಾಸಕ್ಕೆ ದುಡ್ಡು ಸುರಿಯುವ ಬದಲು ಆ ದುಡ್ಡನ್ನು ಸ್ಪೀಕರಿಗೆ ಹಾಕಿ. ರಾತ್ರಿ ನೋಡುವವರು ರಿಸೀವರಿನಲ್ಲಿ ನೈಟ್ ಮೋಡ್ ಇದೆಯೇ ವಿಚಾರಿಸಿ: ಜೋರಿನ ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಎತ್ತಿಕೊಡುತ್ತದೆ.

ವೂಫರ್ ಎಲ್ಲಿಡುವುದು

40 ಹರ್ಟ್ಸ್ ಸದ್ದಿನ ಒಂದು ಅಲೆಯ ಉದ್ದ ಸುಮಾರು ಎಂಟೂವರೆ ಮೀಟರ್, ಅಂದರೆ 28 ಅಡಿ. ನಮ್ಮ 14 ಅಡಿಯ ಹಾಲಿನಲ್ಲಿ ಅದರ ಅರ್ಧ ಅಲೆ ಕರಾರುವಾಕ್ಕಾಗಿ ಕೂರುತ್ತದೆ. ಪರಿಣಾಮವಾಗಿ ಎರಡು ತುದಿಯ ಗೋಡೆ ಹತ್ತಿರ 40 ಹರ್ಟ್ಸ್ ಗುಮ್ಮೆನ್ನುತ್ತದೆ, ಹಾಲಿನ ನಡುಮಧ್ಯೆ ಕುರ್ಚಿ ಹಾಕಿ ಕೂತವರಿಗೆ ಅದೇ ಸದ್ದು ಮಾಯ. ಗೋಡೆಗೆ ಅಂಟಿದ ಸೋಫಾದಲ್ಲಿ ಬಾಸ್ ಅತಿಯಾಯಿತು ಎಂದು ದೂರುವವರ ಸಮಸ್ಯೆ ಬಹುತೇಕ ಇದೇ. ವೂಫರನ್ನು ಮೂಲೆಗೆ ತಳ್ಳಿದರೆ ಇನ್ನೂ ಹೆಚ್ಚು.

ಸರಿಯಾದ ಜಾಗ ಹುಡುಕಲು ಹಳೆಯ ಉಪಾಯವೊಂದಿದೆ. ವೂಫರನ್ನು ತಂದು ನೀವು ಕೂರುವ ಜಾಗದಲ್ಲೇ, ಸೋಫಾದ ಮೇಲೆಯೇ ಇಡಿ. ಒಂದೇ ಸಮ ಬಾಸ್ ಇರುವ ಹಾಡು ಹಾಕಿ. ಆಮೇಲೆ ಮಂಡಿಯೂರಿ ಗೋಡೆಗುಂಟ ತೆವಳುತ್ತ ಎಲ್ಲಿ ಬಾಸ್ ಹದವಾಗಿ, ಒಂದೊಂದು ಸ್ವರವೂ ಬೇರೆಬೇರೆಯಾಗಿ ಕೇಳುತ್ತದೋ ಅಲ್ಲಿ ನಿಲ್ಲಿ. ವೂಫರಿನ ಜಾಗ ಅದು. ಮನೆಯವರು ನಕ್ಕರೆ ನಗಲಿ. ಸ್ಪೀಕರಿನಿಂದ ವೂಫರಿಗೆ ಸದ್ದು ಹಾಯುವ ಗಡಿಯನ್ನು 80 ಹರ್ಟ್ಸ್‌ನಲ್ಲಿಡುವುದು ವಾಡಿಕೆ. ಬುಕ್‌ಶೆಲ್ಫ್ ಸ್ಪೀಕರುಗಳಿಗೆ ಅಲ್ಲಿಂದಲೇ ಶುರುಮಾಡಿ.

ಕೋಣೆಯನ್ನು ಅಳೆದು ಸದ್ದನ್ನು ತಾನೇ ಹೊಂದಿಸಲು ರಿಸೀವರುಗಳ ಜೊತೆ ಪುಟ್ಟ ಮೈಕ್ ಬರುತ್ತದೆ. ಈ ವ್ಯವಸ್ಥೆಯ ಹೆಸರು ಡೆನಾನ್‌ನಲ್ಲಿ ‘ಆಡಿಸಿ’ (Audyssey), ಯಮಹಾದಲ್ಲಿ ವೈಪಾವೊ, ಕೆಲವು ಆಂಕ್ಯೊಗಳಲ್ಲಿ ಡಿರಾಕ್. ಕಿವಿಯ ಎತ್ತರಕ್ಕೆ ಟ್ರೈಪಾಡಿನ ಮೇಲೆ ಅದನ್ನು ಇಡಿ. ಕೈಯಲ್ಲಿ ಹಿಡಿಯಬೇಡಿ, ಕುಶನ್ನಿನ ಮೇಲೆ ಮಲಗಿಸಬೇಡಿ. ಫ್ಯಾನ್ ಆಫ್ ಇರಲಿ, ಕುಕ್ಕರ್ ಒಲೆಯ ಮೇಲಿಲ್ಲದ ಹೊತ್ತು ನೋಡಿ. ಅದು ಕೊಟ್ಟ ಲೆಕ್ಕದಲ್ಲಿ ಸ್ಪೀಕರುಗಳ ದೂರ ಸರಿಯಾಗಿದೆಯೇ ಎಂದು ಟೇಪಿನಿಂದ ಅಳೆದು ತಾಳೆ ನೋಡಿ. ವೂಫರಿನ ದೂರ ಹೆಚ್ಚು ತೋರಿಸಿದರೆ ಮುಟ್ಟಬೇಡಿ, ಅದರೊಳಗಿನ ಸರ್ಕ್ಯೂಟ್ ತಡಮಾಡುವುದನ್ನು ಯಂತ್ರ ಲೆಕ್ಕ ಹಿಡಿದಿರುತ್ತದೆ.

ಕೇಬಲ್, ಟಿವಿ, ಪ್ಲಾನ್

ಟಿವಿಯ ಹಿಂದೆ ಎಚ್‌ಡಿಎಂಐ ರಂಧ್ರಗಳಲ್ಲಿ ಒಂದರ ಪಕ್ಕದಲ್ಲಿ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದಿರುತ್ತದೆ. ಸೌಂಡ್‌ಬಾರ್ ಆಗಲಿ ರಿಸೀವರ್ ಆಗಲಿ, ಟಿವಿಯ ಆ್ಯಪ್‌ಗಳ ಸದ್ದು ಬೇಕಾದರೆ ಅದಕ್ಕೇ ಚುಚ್ಚಬೇಕು. ಇಎಆರ್‌ಸಿ ಇಲ್ಲದ ಟಿವಿಗೆ ಅಟ್ಮಾಸ್ ಬರುವುದಿಲ್ಲ ಎಂದು ಹೆದರಿಸುತ್ತಾರೆ. ಪೂರ್ತಿ ನಿಜವಲ್ಲ. ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳ ಅಟ್ಮಾಸ್ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಸಂಕುಚಿತ ರೂಪದಲ್ಲಿ. ಟಿವಿ ಅದನ್ನು ದಾಟಿಸುವಂತಿದ್ದರೆ ಸಾದಾ ಎಆರ್‌ಸಿ ಸಾಕು. ಇಎಆರ್‌ಸಿ ಬೇಕಾಗುವುದು ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿಯಂಥ ಭಾರದ ಸದ್ದಿಗೆ. ಆಪ್ಟಿಕಲ್ ಕೇಬಲಿನಲ್ಲಿ ಮಾತ್ರ ಅಟ್ಮಾಸ್ ಹಾಯುವುದಿಲ್ಲ, 5.1ರವರೆಗೆ ಅಷ್ಟೇ. ಪೆನ್‌ಡ್ರೈವಿನಲ್ಲಿ ಸಿನಿಮಾ ನೋಡುವವರಿಗೆ ಇನ್ನೊಂದು ಎಚ್ಚರಿಕೆ: ಹಲವು ಟಿವಿಗಳು ಡಿಟಿಎಸ್ ಬಿಡಿಸುವುದಿಲ್ಲ, ಫೈಲ್ ಓಡುತ್ತದೆ, ಸದ್ದು ಮಾತ್ರ ಬರುವುದಿಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ ಅಟ್ಮಾಸ್ ಸಿಗುವುದು ಪ್ರೀಮಿಯಂ ಪ್ಲಾನಿನವರಿಗಷ್ಟೇ. ಮನೆಯಲ್ಲಿ ಹೆಚ್ಚಾಗಿ ಧಾರಾವಾಹಿ, ವಾರ್ತೆಯೇ ಓಡುವುದಾದರೆ ಅದು ಬಹುತೇಕ ಸ್ಟೀರಿಯೊ, 5.1.4ಕ್ಕೆ ದುಡ್ಡು ಹಾಕಿ ಫಲವಿಲ್ಲ.

ಸ್ಪೀಕರ್ ವೈರಿಗೆ ಮೂವತ್ತು ನಲವತ್ತು ಅಡಿಯೊಳಗೆ 16 ಗೇಜ್ ಶುದ್ಧ ತಾಮ್ರ ಸಾಕು. ಅಗ್ಗಕ್ಕೆ ಸಿಗುವುದು ಎಷ್ಟೋ ಸಲ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರಿಂಗಿಗೆ ಮೊದಲೇ ಟಿವಿ ಗೋಡೆಯಿಂದ ಸೋಫಾದ ಹಿಂದಿನವರೆಗೆ ಒಂದು ಇಂಚಿನ ಪೈಪ್ ಹಾಕಿಸಿ, ಒಳಗೊಂದು ತಂತಿ ಎಳೆದಿಡಿ. ಆ ಖರ್ಚು ಆಮೇಲೆ ಗೋಡೆ ಕೊರೆಸುವುದಕ್ಕಿಂತ ಎಷ್ಟೋ ಕಡಿಮೆ.

ಕರೆಂಟಿನ ವಿಷಯ ನಮ್ಮಲ್ಲಿ ಬಿಡುವಂತಿಲ್ಲ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಜೋಡಿಸಿದರೆ ಸ್ಪೀಕರಿನಲ್ಲಿ ‘ಗುಂಯ್’ ಎಂದು ಸದ್ದು ಬರುತ್ತದೆ. ಪ್ಯೂರ್ ಸೈನ್ ವೇವ್ ಇದ್ದರೆ ತೊಂದರೆಯಿಲ್ಲ. ಗೋಡೆಯ ಕರೆಂಟಿನಲ್ಲೂ ಗುಂಯ್‌ಗುಡುತ್ತಿದ್ದರೆ ಮೊದಲು ಸೆಟ್‌ಟಾಪ್ ಬಾಕ್ಸಿನ ಕೇಬಲ್ ಕಿತ್ತು ನೋಡಿ. ಸದ್ದು ನಿಂತರೆ ದೋಷ ಅರ್ತ್ ಸುತ್ತಿನದು, ಸ್ಪೀಕರಿನದಲ್ಲ. ಮಲೆನಾಡು, ಕರಾವಳಿಯವರು ಏಪ್ರಿಲ್–ಮೇ ಗುಡುಗಿಗೆ ಪ್ಲಗ್ ಜೊತೆಗೆ ಡಿಶ್ ಕೇಬಲ್, ಇಂಟರ್ನೆಟ್ ಕೇಬಲನ್ನೂ ಕಿತ್ತಿಡಬೇಕು. ಸಿಡಿಲಿನ ಏಟು ಎಚ್‌ಡಿಎಂಐ ಬೋರ್ಡಿಗೆ ಆ ದಾರಿಯಲ್ಲೂ ಬರುತ್ತದೆ. ರಿಸೀವರಿನ ಬೆಚ್ಚಗಿನ ಹೊಟ್ಟೆ ಹಲ್ಲಿಗಳಿಗೆ ಬಲು ಇಷ್ಟ. ಹಾಗೆಂದು ಮೇಲಿನ ಜಾಲರಿಯನ್ನು ಬಟ್ಟೆಯಿಂದ ಮುಚ್ಚುವುದು ಮಾತ್ರ ಬೇಡ, ಬಿಸಿ ಹೊರಹೋಗಬೇಕು.

ಯಾರಿಗೆ ಯಾವುದು

ಕೈಯಲ್ಲಿ 15 ಸಾವಿರದೊಳಗೆ ಇದ್ದರೆ ಸೆಂಟರ್ ಚಾನಲ್ ಇರುವ ಸೌಂಡ್‌ಬಾರ್ ನೋಡಿ, 5.1 ಆಸೆ ಸದ್ಯ ಬಿಡಿ. 20 ಸಾವಿರದ ಆಸುಪಾಸಿನಲ್ಲಿ ಸಿನಿಮಾ ಹುಚ್ಚಿನವರಿಗೆ ವೈರಿನ ಹಿಂದಿನ ಸ್ಪೀಕರ್ ಇರುವ ಸೆಟ್; ಹಾಡಿನ ಹುಚ್ಚಿನವರಿಗೆ ಒಳಗೇ ಆಂಪ್ ಇರುವ ಒಂದು ಜೋಡಿ ಸ್ಪೀಕರ್. 50ರಿಂದ 70 ಸಾವಿರದಲ್ಲಿ ನಾನಾದರೆ ಯಮಹಾ ಆರ್‌ಎಕ್ಸ್-ವಿ385ರಂಥ ಸರಳ 5.1 ರಿಸೀವರ್ ಮತ್ತು ಮುಂದಿನ ಜೋಡಿ ಕೊಂಡು, ಮಿಕ್ಕದ್ದನ್ನು ಆಮೇಲೆ ಸೇರಿಸುತ್ತೇನೆ. ಅದರಲ್ಲಿ ಅಟ್ಮಾಸ್ ಇಲ್ಲ, ವೈಫೈ ಇಲ್ಲ. 10 ಅಡಿಯ ಹಾಲಿಗೆ ಎರಡೂ ಇಲ್ಲದಿದ್ದರೆ ನಷ್ಟವಿಲ್ಲ. ಲಕ್ಷ ದಾಟಿದವರು, ಸಪಾಟು ಸೀಲಿಂಗ್ ಇದ್ದವರು 5.1.2ಕ್ಕೆ ಹೋಗಿ. 7.1 ಬೇಡ, ಹಿಂದಿನ ಎರಡು ಸ್ಪೀಕರಿಗಿಂತ ಮೇಲಿನ ಎರಡು ಸ್ಪೀಕರ್ ಹೆಚ್ಚು ಕೆಲಸ ಮಾಡುತ್ತವೆ.

ಸೇರಿಸುವ ಕ್ರಮದಲ್ಲಿ ನಾನು ಹಟ ಹಿಡಿಯುತ್ತೇನೆ: ಮುಂದಿನ ಜೋಡಿ, ಸೆಂಟರ್, ವೂಫರ್, ಸರೌಂಡ್, ಕೊನೆಗೆ ಚಾವಣಿ. ಸೆಂಟರ್ ಮಾತ್ರ ಮುಂದಿನ ಜೋಡಿಯ ಕಂಪನಿಯದೇ, ಅದೇ ಸಾಲಿನದೇ ಆಗಿರಲಿ. ಇಲ್ಲದಿದ್ದರೆ ಕಾರು ಎಡದಿಂದ ಬಲಕ್ಕೆ ಹಾದಾಗ ನಡುವೆ ಎಂಜಿನ್ ಬದಲಾದಂತೆ ಕೇಳುತ್ತದೆ. ಸರೌಂಡ್ ಸ್ಪೀಕರ್ ಬೇರೆ ಕಂಪನಿಯದಾದರೂ ಯಾರಿಗೂ ಗೊತ್ತಾಗುವುದಿಲ್ಲ. ಡಬ್ಬದ ಸೆಟ್ಟಿನಲ್ಲಿ ಬಂದ ಸ್ಪೀಕರುಗಳನ್ನು ರಿಸೀವರಿಗೆ ಚುಚ್ಚುವ ಮೊದಲು ಹಿಂದೆ ಬರೆದ ಓಮ್ (ವಿದ್ಯುತ್ ತಡೆಯ ಅಳತೆ) ನೋಡಿ: 3, 4 ಎಂದಿದ್ದರೆ ಬೇಡ, ಹೆಚ್ಚಿನ ರಿಸೀವರುಗಳು ಕೇಳುವುದು 6ರಿಂದ 8.

ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಸ್ಪೀಕರ್ ಕೊಳ್ಳಿ, ರಿಸೀವರನ್ನು ಎಚ್ಚರದಿಂದ. ಸ್ಪೀಕರಿನ ಕೋನ್ ಸುತ್ತ ಇರುವ ಅಂಚನ್ನು ಬೆರಳಿನಿಂದ ಮೃದುವಾಗಿ ಒತ್ತಿ. ರಬ್ಬರಾದರೆ ಹಿಂದಿರುಗಿ ಬರುತ್ತದೆ, ಹಳೆಯ ಫೋಮ್ ಆದರೆ ಪುಡಿ ಉದುರುತ್ತದೆ. ಕೋನನ್ನು ನಾಲ್ಕು ಬೆರಳಿನಿಂದ ಸಮವಾಗಿ ಒಳಕ್ಕೆ ತಳ್ಳಿದಾಗ ಕರಕರ ಸದ್ದಾದರೆ ಒಳಗಿನ ಸುರುಳಿ ಉಜ್ಜುತ್ತಿದೆ. ರಿಸೀವರಿನಲ್ಲಿ ಮೊದಲು ಕೈಕೊಡುವುದು ಎಚ್‌ಡಿಎಂಐ ಬೋರ್ಡ್, ಹಾಗಾಗಿ ಪ್ರತಿ ರಂಧ್ರಕ್ಕೂ ಒಂದೊಂದು ಸಲ ಚುಚ್ಚಿ ಚಿತ್ರ ಬರುತ್ತದೆಯೇ ನೋಡಿ, ಅರ್ಧ ಗಂಟೆ ಓಡಿಸಿ. ಅಮೆರಿಕದಿಂದ ಮರಳುವ ನೆಂಟರು ತಂದುಕೊಡುತ್ತೇವೆ ಎಂದರೆ ಹಿಂದಿನ ಫಲಕದ ಫೋಟೊ ಕಳಿಸಲು ಹೇಳಿ. ಅಲ್ಲಿಯ ರಿಸೀವರುಗಳು ಸಾಮಾನ್ಯವಾಗಿ 120 ವೋಲ್ಟಿನವು, ನಮ್ಮ 230ಕ್ಕೆ ಸೀದಾ ಚುಚ್ಚಿದರೆ ಹೊಗೆ. ಅದಕ್ಕೆ ಬೇಕಾದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ನಾಲ್ಕೈದು ನೂರು ವಾಟ್ ತಡೆಯುವಂಥದ್ದಾಗಿರಬೇಕು; ಅದರ ತೂಕ ಮತ್ತು ಗುನುಗನ್ನು ಟಿವಿ ಯೂನಿಟ್ಟಿನಲ್ಲಿ ಎಲ್ಲಿ ಅಡಗಿಸುತ್ತೀರಿ ಎಂದು ಯೋಚಿಸಿಯೇ ಹೂಂ ಎನ್ನಿ.